ಗಾಜಿನಣ್ಣನ ಗುಲ್ಮ

ದೊಡ್ಡ ಗಾಜಿನ ಹಾಳೆಯನ್ನು ಇಬ್ಬರು ಹೊರುವಾಗ ಒಂದು ಕಟ್ಟಳೆ ಇದೆ: ಏನೇ ಆದರೂ ಕೂಗಬಾರದು. ಕೈ ಕೊಯ್ದುಕೊಂಡರೂ ಸರಿ, ಕಾಲಿಗೆ ಮೊಳೆ ಚುಚ್ಚಿದರೂ ಸರಿ. ಒಬ್ಬ ಕೂಗಿದರೆ ಇನ್ನೊಬ್ಬ ಬೆಚ್ಚುತ್ತಾನೆ, ಬೆಚ್ಚಿದರೆ ಹಿಡಿತ ಸಡಿಲಾಗುತ್ತದೆ, ಸಡಿಲಾದರೆ ಆರಡಿ ಗಾಜು ಇಬ್ಬರ ಮೇಲೂ ಬರುತ್ತದೆ. ಮೊದಲು ಹಾಳೆಯನ್ನು ಒರಗಿಸಬೇಕು, ಆಮೇಲೆ ಮೆಲ್ಲಗೆ ಹೇಳಬೇಕು. ಗಾಜಿನಣ್ಣ ಈ ಕಟ್ಟಳೆಯನ್ನು ಕಲಿತದ್ದು ಹದಿನೇಳನೇ ವಯಸ್ಸಿನಲ್ಲಿ. ಐವತ್ತೊಂದನೇ ವಯಸ್ಸಿನಲ್ಲಿ ಅದೇ ಅವರ ಪ್ರಾಣಕ್ಕೆ ಎರವಾಗುವುದರಲ್ಲಿತ್ತು.

ಅವರ ಅಂಗಡಿ ಉದ್ದಕ್ಕೆ ಇದೆ, ಅಗಲಕ್ಕಿಲ್ಲ. ಎಡಗೋಡೆಗೆ ಮರದ ನಿಲುವು, ಅದರಲ್ಲಿ ಕಪಾಟಿನ ಪುಸ್ತಕಗಳ ಹಾಗೆ ಸಾಲಾಗಿ ನಿಂತ ಗಾಜಿನ ಹಾಳೆಗಳು. ನಡುವೆ ಹಳೆಯ ಕಂಬಳಿ ಹೊದಿಸಿದ ದೊಡ್ಡ ಮೇಜು. ಮೇಜಿನ ಮೇಲೆ ಅಳತೆಪಟ್ಟಿ, ವಜ್ರದ ಮೊನೆಯ ಕಟರ್, ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆಯ ಉಂಡೆ. ಕಿಟಕಿಗಳಿಗೆ, ಕನ್ನಡಿಗಳಿಗೆ, ಫೋಟೋಗಳಿಗೆ, ಅಂಗಡಿಗಳ ಮುಂಬಾಗಿಲಿಗೆ ಗಾಜು ಕತ್ತರಿಸಿ ಕೂರಿಸುವುದು ಕೆಲಸ. ಹಾಳೆಯ ಇನ್ನೊಂದು ತುದಿ ಹಿಡಿಯಲು ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ ಜೊತೆಗಾರ. ಅವನನ್ನು ಇಡೀ ಬೀದಿ ಕುಳ್ಳ ಎಂದು ಕರೆಯುತ್ತದೆ. ಅವನೂ ಆ ಹೆಸರಿಗೇ ಓಗೊಡುತ್ತಾನೆ. ಗಾಜಿನಣ್ಣ ಉದ್ದ, ಇವನು ಗಿಡ್ಡ. ಹಾಳೆ ಸಮವಾಗಿರಲೆಂದು ಒಬ್ಬರು ಸ್ವಲ್ಪ ಬಗ್ಗಬೇಕು, ಇನ್ನೊಬ್ಬ ತೋಳೆತ್ತಬೇಕು. ಹಾಗೆ ಬಗ್ಗಿ ಬಗ್ಗಿಯೇ ಗಾಜಿನಣ್ಣನ ಬೆನ್ನು ಒಂದಿಷ್ಟು ಬಾಗಿದೆ ಎಂದು ಜನ ಹೇಳುತ್ತಾರೆ.

"ಅಣ್ಣಾ, ನೆಲಕ್ಕೆ ಕೆಂಪು ಬಿದ್ದಿದೆ ನೋಡು. ನಿಂದಾ, ನಂದಾ?" ಹಾಳೆ ಒರಗಿಸಿದ ಮೇಲೆ ಕುಳ್ಳ ಕೇಳುತ್ತಿದ್ದ.

"ನಿಂದೇ ಇರಬೇಕು. ನಂದು ಇಷ್ಟು ಕಡಿಮೆ ಬೀಳಲ್ಲ," ಎನ್ನುತ್ತಿದ್ದರು ಗಾಜಿನಣ್ಣ.

ಮಾತೆಂದರೆ ಅಷ್ಟೇ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಂದಿನ ಹಾಳೆಗೆ ಕೈ ಹಾಕುತ್ತಿದ್ದರು. ಗಾಜಿನ ಸಿಬಿರು ಒಳಗೆ ಸೇರಿಕೊಂಡರೆ ಮಾತ್ರ ಕೆಲಸ ನಿಲ್ಲುತ್ತಿತ್ತು. ಗೂಡಿನಲ್ಲಿ ಒಂದು ತಗಡಿನ ಡಬ್ಬಿ, ಅದರಲ್ಲಿ ಬಿರಡೆಗೆ ಚುಚ್ಚಿಟ್ಟ ದಪ್ಪ ಸೂಜಿ. ಇಬ್ಬರೂ ಬಾಗಿಲ ಬೆಳಕಿಗೆ ಕೂತು ಒಬ್ಬರ ಬೆರಳನ್ನು ಇನ್ನೊಬ್ಬರು ಕೆದಕಿ ಸಿಬಿರು ತೆಗೆಯುತ್ತಿದ್ದರು. ಆಮೇಲೆ ಸೂಜಿಯನ್ನು ಪ್ಯಾಂಟಿಗೆ ಒರೆಸಿ ಮತ್ತೆ ಬಿರಡೆಗೆ ಚುಚ್ಚುತ್ತಿದ್ದರು. ಅಂಗಡಿಗೆಲ್ಲ ಅದೊಂದೇ ಸೂಜಿ. ಹಿಂದೆ ಅಲ್ಲಿ ದುಡಿದು ಹೋದ ನಾಲ್ಕೈದು ಜನರೂ ಅದನ್ನೇ ಬಳಸಿದ್ದರು.

ಕಾಯಿಲೆ ಇದೆ ಎಂದು ಮೊದಲು ಪತ್ತೆ ಹಚ್ಚಿದವಳು ಹೆಂಡತಿ. ಆಕೆಗೆ ಲಾಂಡ್ರಿಯಲ್ಲಿ ಕೆಲಸ. ಬಂದ ಬಟ್ಟೆಯನ್ನು ಬಿಡಿಸಿ ನೋಡಿ, ಯಾವ ಕಲೆ ಯಾವುದರದ್ದು, ಎಷ್ಟು ದಿನದ್ದು, ಯಾವುದಕ್ಕೆ ಏನು ಹಚ್ಚಬೇಕು ಎಂದು ಬೇರೆ ಮಾಡುವುದೇ ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ. ಒಂದು ಬೆಳಿಗ್ಗೆ ಒಗೆದು ಒಣಗಿದ ದಿಂಬಿನ ಚೀಲವನ್ನು ಮಡಿಸುವಾಗ ನಸುಗಂದು ಬಣ್ಣದ ಸುತ್ತು ಕಂಡಿತು. ಆ ಚೀಲವನ್ನು ಒಗೆದವಳು ಆಕೆಯಲ್ಲ.

"ರಕ್ತಕ್ಕೆ ಬಿಸಿನೀರು ಹಾಕ್ತಾರೇನ್ರೀ ಯಾರಾದ್ರೂ? ಕಲೆ ಕೂತೇಬಿಡ್ತು ನೋಡಿ!" ಎಂದು ಮೊದಲು ಬೈದಳು. ಆಮೇಲೆ, "ಯಾರದು ಇದು?" ಎಂದು ಕೇಳಿದಳು.

"ಏನಿಲ್ಲ. ಹಲ್ಲುಜ್ಜುವಾಗ ಸ್ವಲ್ಪ."

"ದಿಂಬಿನ ಮೇಲೆ ಮಲಗಿ ಹಲ್ಲುಜ್ಜಿದ್ರಾ?"

ಅಂಗಿ ಬಿಚ್ಚಿಸಿ ನೋಡಿದಳು. ತೋಳಿನ ಮೇಲೆ, ಬೆನ್ನಿನ ಮೇಲೆ ಕಾರಣವಿಲ್ಲದ ನೀಲಿಗಟ್ಟಿದ ಗುರುತುಗಳಿದ್ದವು. ಎಡಗಡೆ ಪಕ್ಕೆಲುಬಿನ ಕೆಳಗೆ ಹೊಟ್ಟೆ ಗಟ್ಟಿಯಾಗಿ ಉಬ್ಬಿತ್ತು. ಯಾವಾಗಿನಿಂದ ಎಂದು ಕೇಳಿದರೆ "ಹಿಂದಿನ ಚಳಿಗಾಲದಿಂದ ಇರಬೇಕು" ಎಂದರು. ಅದು ಸುಳ್ಳು, ಅದರ ಹಿಂದಿನ ಚಳಿಗಾಲದಿಂದ ಇತ್ತು. ಬೇಗ ಹೊಟ್ಟೆ ತುಂಬುತ್ತಿತ್ತು, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದರು.

ಆಸ್ಪತ್ರೆಯಲ್ಲಿ ರಕ್ತ ತೆಗೆದ ಜಾಗ ಅರ್ಧ ಗಂಟೆ ಒತ್ತಿಹಿಡಿದರೂ ಜಿನುಗುತ್ತಲೇ ಇತ್ತು. ಮೂರು ದಿನಗಳಲ್ಲಿ ಎಲ್ಲ ಗೊತ್ತಾಯಿತು. ಹೆಪಟೈಟಿಸ್ ಬಿ ವೈರಸ್ ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಒಳಗೆ ಕೂತು ಲಿವರನ್ನು ಗಟ್ಟಿಮಾಡಿತ್ತು, ಸಿರೋಸಿಸ್ ಆಗಿತ್ತು. ಹೊಟ್ಟೆಯ ಎಡಬದಿಯಲ್ಲಿ ಪಕ್ಕೆಲುಬಿನಡಿ ಇರುವ ಗುಲ್ಮ ಊದಿ ಹೊಕ್ಕುಳಿನವರೆಗೆ ಇಳಿದಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ ಕಡೆ ಇಪ್ಪತ್ತೆರಡು ಸಾವಿರ ಇದ್ದವು.

ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಮೃದು ಮಾತಿನವರಲ್ಲ, ಆದರೆ ಬಿಡಿಸಿ ಹೇಳುತ್ತಿದ್ದರು. "ಹೊಟ್ಟೆ ಕಡೆಯಿಂದ ಬರೋ ರಕ್ತ ಎಲ್ಲಾ ಲಿವರ್ ಒಳಗೇ ಹಾದು ಹೋಗಬೇಕು. ನಿಮ್ಮ ಲಿವರ್ ಗಟ್ಟಿಯಾಗಿ ದಾರಿ ಕಿರಿದಾಗಿದೆ. ನುಗ್ಗೋಕೆ ಆಗದ ರಕ್ತ ಹಿಂದಕ್ಕೆ ಒತ್ತುತ್ತೆ. ಹಿಂದೆ ಇರೋದು ಗುಲ್ಮ, ಅದು ಊದಿಕೊಂಡಿದೆ. ಹಳೇ ರಕ್ತಕಣ ಸೋಸೋದು ಅದರ ಕೆಲಸ. ಈಗ ಹಳೇದು ಹೊಸದು ನೋಡದೆ ಎಲ್ಲಾ ನುಂಗ್ತಾ ಕೂತಿದೆ."

"ಹೂಂ," ಎಂದರು ಗಾಜಿನಣ್ಣ.

"ಕುಡೀತೀರಾ?"

"ಇಲ್ಲ."

"ಯಾವತ್ತೂ?"

"ಇಲ್ಲಮ್ಮ."

ಡಾಕ್ಟರಮ್ಮ ನಂಬಿದರು, ಬೀದಿ ನಂಬಲಿಲ್ಲ. ಲಿವರ್ ಎಂದ ಕೂಡಲೇ ಬಾಟಲಿ ಎಂದೇ ಲೆಕ್ಕ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಸಮಾಧಾನ ಹೇಳುವ ದನಿಯಲ್ಲಿ, "ನಮ್ಮ ಮನೆಯವರೂ ಹಾಗೇ ಕಣಮ್ಮ, ನಾನು ಕುಡಿಯೋದೇ ಇಲ್ಲ ಅಂತಿದ್ರು," ಎಂದಳು.

"ನಿಮ್ಮ ಮನೆಯವರ ಅಂಗಿ ಇಲ್ಲೇ ಒಗೆಯೋದು ಅಲ್ವಾ, ನನಗೆ ಗೊತ್ತು," ಎಂದಳು ಹೆಂಡತಿ. "ನಮ್ಮವರ ಅಂಗಿ ಮೂಸಿ ನೋಡಿ ಆಮೇಲೆ ಮಾತಾಡಿ." ಅಂದಿನಿಂದ ಅವರಿಬ್ಬರಿಗೆ ಒಂದು ತಿಂಗಳು ಮಾತಿರಲಿಲ್ಲ.

ವೈರಸ್ ಎಲ್ಲಿಂದ ಬಂದಿರಬಹುದು ಎಂದು ವಿಚಾರಿಸುವಾಗ ಸೂಜಿಯ ಮಾತು ಬಂತು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, "ಒಂದೇ ಸೂಜೀನಾ? ಎಷ್ಟು ವರ್ಷ?" ಎಂದರು.

"ಸೂಜಿ ಚೆನ್ನಾಗಿದೆ. ಮೂವತ್ತು ವರ್ಷಕ್ಕೂ ಮೊನೆ ಹೋಗಿಲ್ಲ," ಎಂದರು ಗಾಜಿನಣ್ಣ.

ಅದರಿಂದಲೇ ಬಂತೆಂದು ಖಚಿತವಾಗಿ ಹೇಳುವುದಕ್ಕಾಗದು, ಆದರೆ ಬರಬಹುದಾದ ದಾರಿ ಅದು ಎಂದು ಡಾಕ್ಟರಮ್ಮ ವಿವರಿಸಿದರು. ಮನೆಯವರಿಗೆಲ್ಲ ಪರೀಕ್ಷೆಯಾಯಿತು. ಹೆಂಡತಿಗೆ ಇರಲಿಲ್ಲ, ಕಾಲೇಜಿಗೆ ಹೋಗುವ ಮಗಳಿಗೂ ಇರಲಿಲ್ಲ. ಇಬ್ಬರಿಗೂ ಲಸಿಕೆ ಹಾಕಿದರು. ಕುಳ್ಳ ನಾಲ್ಕು ದಿನ ತಪ್ಪಿಸಿಕೊಂಡು ತಿರುಗಿ, ಐದನೆಯ ದಿನ ಅತ್ತಿಗೆ ಅಂಗಡಿಗೇ ಬಂದು ನಿಂತಾಗ ಹೊರಟ. ಅವನಿಗೂ ಹಿಂದೆ ಯಾವಾಗಲೋ ಅದೇ ವೈರಸ್ ಬಂದು, ತಾನಾಗಿ ಹೋಗಿತ್ತು. ರಕ್ತದಲ್ಲಿ ಬಂದುಹೋದ ಗುರುತು ಮಾತ್ರ ಉಳಿದಿತ್ತು. ಫಲಿತಾಂಶದ ಕಾಗದ ಹಿಡಿದು ಕುಳ್ಳ ಗಾಜಿನಣ್ಣನ ಹತ್ತಿರ ಬಂದ.

"ನನಗೆ ಬಂದು ಹೋಯ್ತು, ನಿನಗೆ ಬಂದು ಉಳೀತು. ಯಾಕಣ್ಣ ಹಾಗೆ?"

"ನೀನು ಕುಳ್ಳ. ಅದಕ್ಕೆ ಜಾಗ ಸಾಕಾಗಲಿಲ್ಲ," ಎಂದರು ಗಾಜಿನಣ್ಣ.

ಆಮೇಲೆ ಕುಳ್ಳ ಸೂಜಿಯನ್ನು ಡಬ್ಬಿಯ ಸಮೇತ ಕಸಕ್ಕೆ ಹಾಕಿದ.

ವೈರಸ್ಸನ್ನು ಅಡಗಿಸುವ ಮಾತ್ರೆ ದಿನಕ್ಕೊಂದರಂತೆ ಶುರುವಾಯಿತು. ಎಂಟು ತಿಂಗಳಲ್ಲಿ ವೈರಸ್ ಕಾಣದಷ್ಟು ಇಳಿಯಿತು, ಲಿವರಿನ ಕೆಲಸವೂ ಕೊಂಚ ಸುಧಾರಿಸಿತು. ಗುಲ್ಮ ಮಾತ್ರ ಇದ್ದ ಹಾಗೆಯೇ ಇತ್ತು. ಅನ್ನನಾಳದ ಬುಡದಲ್ಲಿ ಉಬ್ಬಿದ್ದ ರಕ್ತನಾಳವೊಂದು ಒಡೆದು ಒಮ್ಮೆ ರಕ್ತ ವಾಂತಿಯಾಯಿತು. ಕೊಳವೆ ಇಳಿಸಿ ಬಳೆಯಂತಹ ಪಟ್ಟಿ ಬಿಗಿದು ನಿಲ್ಲಿಸಿದರು. ಎರಡು ತಿಂಗಳಿಗೆ ಇನ್ನೊಂದು ಒಡೆಯಿತು. ಆ ನಡುವೆ ಅಂಗೈಗೆ ಒಂದು ಸಣ್ಣ ಗಾಜು ತಗುಲಿ, ಬೆಳಿಗ್ಗೆ ಹರಿದ ರಕ್ತ ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಗಾಜಿನ ಕೆಲಸ ಹೀಗೆ ನಡೆಯುವುದಿಲ್ಲ ಎಂಬುದು ಅವರಿಗೂ ಅರ್ಥವಾಯಿತು.

ಆಗ ಡಾಕ್ಟರಮ್ಮ ಗುಲ್ಮ ತೆಗೆಯುವ ಮಾತೆತ್ತಿದರು. "ಇದು ಎಲ್ಲರಿಗೂ ಮಾಡೋ ಆಪರೇಷನ್ ಅಲ್ಲ. ನಿಮ್ಮ ಲಿವರ್ ಇನ್ನೂ ತಡ್ಕೊಳ್ಳೋ ಹಾಗಿದೆ, ವೈರಸ್ ಅಡಗಿದೆ, ಅದಕ್ಕೇ ಹೇಳ್ತಿದೀನಿ. ಗುಲ್ಮ ತೆಗೆದು, ಹೊಟ್ಟೆ ಸುತ್ತ ಉಬ್ಬಿರೋ ರಕ್ತನಾಳ ಕಟ್ತೀವಿ. ರಕ್ತಕಣ ಏರುತ್ತೆ, ಮತ್ತೆ ಒಡೆಯೋದು ಕಡಿಮೆಯಾಗುತ್ತೆ. ಆದ್ರೆ ಲಿವರ್ ಹೊಸದಾಗಲ್ಲ. ಮಾತ್ರೆ ಬಿಡೋ ಹಾಗಿಲ್ಲ."

ಹೆಂಡತಿ ಕೇಳಿದಳು, "ಆಪರೇಷನ್ ಟೇಬಲ್ ಮೇಲೆ ಏನಾದ್ರೂ ಆಗೋ ಭಯ ಇದೆಯಾ ಡಾಕ್ಟರೇ?"

"ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆಮೇಲೂ ಎರಡು ಭಯ ಇದೆ. ಗುಲ್ಮ ಇಲ್ಲದವರಿಗೆ ಸೋಂಕು ತಗುಲಿದ್ರೆ ಗಂಟೆಗಳಲ್ಲಿ ಏರಿಬಿಡುತ್ತೆ. ಅದಕ್ಕೆ ಎರಡು ವಾರ ಮೊದಲೇ ಲಸಿಕೆಗಳು ಹಾಕ್ತೀವಿ. ಇನ್ನೊಂದು, ಲಿವರಿಗೆ ಹೋಗೋ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಎರಡಕ್ಕೂ ನನಗೆ ಬೇಕಾಗಿರೋದು ಒಂದೇ." ಅವರು ಗಾಜಿನಣ್ಣನ ಕಡೆ ತಿರುಗಿದರು. "ಜ್ವರ ಬಂದ್ರೆ, ಹೊಟ್ಟೆ ನೋವು ಬಂದ್ರೆ, ಆ ಕ್ಷಣ ಹೇಳಬೇಕು. ಹೇಳ್ತೀರಾ?"

"ಹೂಂ."

ಆ 'ಹೂಂ' ಎಷ್ಟು ಹಗುರವಾದದ್ದೆಂದು ಹೆಂಡತಿಗೆ ಮಾತ್ರ ಗೊತ್ತಿತ್ತು. ಆದರೆ ಆಗ ಆಕೆಗೂ ಆಪರೇಷನ್ನಿನ ಭಯವೇ ದೊಡ್ಡದಾಗಿತ್ತು.

ಶಸ್ತ್ರಚಿಕಿತ್ಸೆ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯಿತು. ಹೊರಗಿನ ಬೆಂಚಿನ ಮೇಲೆ ಹೆಂಡತಿ, ಮಗಳು, ಕುಳ್ಳ. ಹೆಂಡತಿ ಕಣ್ಣು ಮುಚ್ಚಿ ಕೂತಿದ್ದಳು. ಗಂಡನ ಆಯುಸ್ಸನ್ನು ಇಷ್ಟು ಕೊಡು ಅಷ್ಟು ಕೊಡು ಎಂದು ದೇವರನ್ನು ಕೇಳಲಿಲ್ಲ. ಒಳಗಿರುವ ಕೈಗಳು ನಡುಗದಿರಲಿ ಎಂದಷ್ಟೇ ಕೇಳಿಕೊಂಡಳು. ಮಗಳು ಪುಸ್ತಕ ತೆರೆದಿಟ್ಟುಕೊಂಡು ಒಂದೇ ಪುಟವನ್ನು ನೋಡುತ್ತಿದ್ದಳು. ಕುಳ್ಳ ಎದ್ದು ಹೋಗಿ ಚಹಾ ತಂದ. ಯಾರೂ ಮುಟ್ಟದಿದ್ದಾಗ ಮೂರು ಲೋಟವನ್ನೂ ತಾನೇ ಕುಡಿದ.

ಹೊರಗೆ ಬಂದ ಡಾಕ್ಟರಮ್ಮ, "ಗುಲ್ಮ ಒಂದೂವರೆ ಕಿಲೋ ತೂಗಿತು. ಇನ್ನೂರು ಗ್ರಾಂ ಒಳಗೆ ಇರಬೇಕಾಗಿದ್ದು," ಎಂದರು.

"ಇಷ್ಟು ಹೊತ್ಕೊಂಡು ಗಾಜು ಬೇರೆ ಹೊರ್ತಿದ್ದನಲ್ಲ!" ಎಂದ ಕುಳ್ಳ. ನಗುವುದಕ್ಕೆ ಹೋಗಿ ಮುಖ ಆ ಕಡೆ ತಿರುಗಿಸಿದ.

ಒಂಬತ್ತನೆಯ ದಿನ ಮನೆಗೆ ಕಳಿಸಿದರು. ಪ್ಲೇಟ್‌ಲೆಟ್ ಎರಡು ಲಕ್ಷ ದಾಟಿತ್ತು. ಥರ್ಮಾಮೀಟರ್ ಕೊಟ್ಟು, ದಿನಕ್ಕೆ ಎರಡು ಸಲ ಜ್ವರ ನೋಡಿ ಬರೆದಿಡಲು ಒಂದು ಕಾಗದ ಕೊಟ್ಟರು. ಹೆಂಡತಿ ಒಂದು ವಾರ ರಜೆ ಹಾಕಿ, ಆಮೇಲೆ ಅರ್ಧ ದಿನದ ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಹಾಲು, ಬ್ರೆಡ್ಡು, ಮಾತ್ರೆಗಳನ್ನು ಮಂಚದ ಪಕ್ಕ ಇಟ್ಟುಹೋಗಿ ಎರಡು ಗಂಟೆಗೆ ಬರುತ್ತಿದ್ದಳು. ಮಗಳಿಗೆ ಪರೀಕ್ಷೆಗಳು ನಡೆಯುತ್ತಿದ್ದವು. ಗಾಜಿನಣ್ಣ ಕಿಟಕಿಯ ಪಕ್ಕ ಮಲಗಿ ಮಾತ್ರೆ ನುಂಗಿ, ಕಾಗದದಲ್ಲಿ ಅಂಕಿ ಬರೆದು, ಗಾಯದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನಾಲ್ಕು ಹೆಜ್ಜೆ ಓಡಾಡುತ್ತಿದ್ದರು. "ಹೇಗಿದ್ದೀರಿ?" ಎಂದರೆ, "ಏನಿಲ್ಲ, ಚೆನ್ನಾಗಿದ್ದೀನಿ."

ಆಕೆ ಕೆಲಸಕ್ಕೆ ಹೋಗತೊಡಗಿದ ಐದನೆಯ ದಿನ ಮಧ್ಯಾಹ್ನ ಮನೆಗೆ ಬಂದಾಗ ಸ್ನಾನದ ಮನೆಯ ಗೂಟಕ್ಕೆ ಗಂಡನ ಎರಡು ಅಂಗಿಗಳು ನೇತಾಡುತ್ತಿದ್ದವು. ತೆಗೆದು ಬುಟ್ಟಿಗೆ ಹಾಕಲು ಹೋದವಳು ನಿಂತಳು. ಬೆನ್ನಿನ ಮೇಲೆ ಬಿಳಿಯ ಉಪ್ಪಿನ ಗೆರೆ. ಒಂದಲ್ಲ, ಒಂದರೊಳಗೊಂದು ಮೂರು ಸುತ್ತು. ಬೆವರು ಒಂದು ಸಲ ಬಂದು ಒಣಗಿದರೆ ಒಂದು ಗೆರೆ ಬೀಳುತ್ತದೆ. ಬಂದು, ಒಣಗಿ, ಮತ್ತೆ ಬಂದರೆ ಹೀಗೆ ಬೀಳುತ್ತದೆ. ಮಲಗೇ ಇರುವ ಮನುಷ್ಯನಿಗೆ ಈ ಬೆವರು ಎಲ್ಲಿಂದ? ಕಾಯಿಲೆಯವರ ಹಾಸಿಗೆ ಬಟ್ಟೆಗಳಲ್ಲಿ ಆಕೆ ಇಂಥ ಗೆರೆಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದಳು.

ಅಂಗಿಯನ್ನು ಹಿಡಿದೇ ಕೋಣೆಗೆ ಬಂದಳು. ಜ್ವರ ಬರೆದಿಟ್ಟ ಕಾಗದವನ್ನು ನೋಡಿದಳು. ಎಲ್ಲ ದಿನವೂ, ಎರಡು ಹೊತ್ತೂ ತೊಂಬತ್ತೆಂಟು, ತೊಂಬತ್ತೆಂಟು, ತೊಂಬತ್ತೆಂಟು.

"ಬಾಯಿ ತೆಗೀರಿ," ಎಂದು ಥರ್ಮಾಮೀಟರ್ ಇಟ್ಟಳು. ನೂರ ಒಂದೂವರೆ.

"ಎಷ್ಟು ದಿನದಿಂದ?"

"ಮೂರು ದಿನ. ಬರುತ್ತೆ, ಹೋಗುತ್ತೆ."

"ಹೊಟ್ಟೆ ನೋವು?"

"ಸ್ವಲ್ಪ."

"ನಿಮ್ಮ ಸ್ವಲ್ಪ ನನಗೆ ಗೊತ್ತು. ಯಾಕ್ರೀ ಹೇಳಲಿಲ್ಲ?" ಆಕೆಯ ದನಿ ಏರಿತು. "ಡಾಕ್ಟರ್ ಅಷ್ಟು ಸಲ ಹೇಳಿದ್ರು. ಸುಳ್ಳು ಸುಳ್ಳೇ ಬರೆದಿದ್ದೀರಲ್ಲ, ಯಾರಿಗೆ ಮೋಸ ಮಾಡೋಕೆ?"

ಗಾಜಿನಣ್ಣ ಗೋಡೆ ನೋಡುತ್ತಾ ಹೇಳಿದರು, "ನೀನು ಈಗಷ್ಟೇ ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ದೆ. ಮಗಳಿಗೆ ನಾಳೆ ಕೊನೇ ಪರೀಕ್ಷೆ. ಅದೊಂದು ಆಗಲಿ, ಹಾಳೆ ಒರಗಿಸಿ ಆಮೇಲೆ ಹೇಳೋಣ ಅಂತ ಇದ್ದೆ."

"ಯಾವ ಹಾಳೆ ರೀ? ಇಲ್ಲಿ ಯಾವ ಹಾಳೆ ಇದೆ?"

ಹೆಂಡತಿ ಮಗಳೆಂದರೆ ಗಾಜಿನಣ್ಣನ ಪಾಲಿಗೆ ಇನ್ನೊಂದು ತುದಿ ಹಿಡಿದವರು. ತಾನು ಕೂಗಿದರೆ ಅವರ ಕೈ ಸಡಿಲಾಗುತ್ತದೆ. ಹದಿನೇಳನೇ ವಯಸ್ಸಿನಲ್ಲಿ ಮೈಗೆ ಹತ್ತಿದ್ದು ಮನೆಯ ಹೊಸ್ತಿಲ ಹೊರಗೆ ಉಳಿದಿರಲಿಲ್ಲ.

ಆಕೆ ಕುಳ್ಳನಿಗೆ ಫೋನ್ ಮಾಡಿದಳು. ಗಾಜು ಸಾಗಿಸುವ ಗಾಡಿಯಲ್ಲೇ ಅವನು ಬಂದ. ಹಿಂದೆ ಮರದ ಚೌಕಟ್ಟುಗಳು ಗಡಗಡ ಎನ್ನುತ್ತಿದ್ದವು. ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆ ತಲುಪಿದರು. ಸ್ಕ್ಯಾನ್ ಮಾಡಿದಾಗ ಲಿವರಿಗೆ ಹೋಗುವ ದೊಡ್ಡ ರಕ್ತನಾಳದ ಅರ್ಧಕ್ಕಿಂತ ಹೆಚ್ಚು ಭಾಗ ಹೆಪ್ಪುಗಟ್ಟಿರುವುದು ಕಂಡಿತು. ಪ್ಲೇಟ್‌ಲೆಟ್ ಐದೂವರೆ ಲಕ್ಷಕ್ಕೆ ಏರಿತ್ತು. ರಕ್ತ ತೆಳುವಾಗಿಸುವ ಇಂಜೆಕ್ಷನ್ ಆ ಸಂಜೆಯೇ ಶುರುವಾಯಿತು.

"ಮೊದಲು ರಕ್ತ ನಿಲ್ಲಲ್ಲ ಅಂದ್ರಿ. ಈಗ ಹರೀತಿಲ್ಲ ಅಂತೀರಿ," ಎಂದರು ಗಾಜಿನಣ್ಣ.

ಡಾಕ್ಟರಮ್ಮ ನಗಲಿಲ್ಲ. "ಇನ್ನು ನಾಲ್ಕು ದಿನ ತಡ ಆಗಿದ್ರೆ ಪೂರ್ತಿ ಮುಚ್ಚಿಹೋಗ್ತಿತ್ತು. ಕರುಳಿಗೂ ಹರಡ್ತಿತ್ತು. ನಾನು ಐದು ಗಂಟೆ ನಿಂತು ಮಾಡಿದ ಕೆಲಸಾನ ನೀವು ಮಾತಾಡದೆ ಹಾಳು ಮಾಡ್ತಿದ್ರಿ. ನೋವು ತಡ್ಕೊಂಡ್ರೆ ಇಲ್ಲಿ ಯಾರೂ ಹೊಗಳಲ್ಲ, ತಿಳ್ಕೊಳ್ಳಿ."

ಅವರ ಮಾತಿಗಿಂತ ಹೆಚ್ಚು ತಾಗಿದ್ದು ಕುಳ್ಳನ ಮಾತು. ಎಲ್ಲರೂ ಹೊರಗೆ ಹೋದ ಮೇಲೆ ಅವನು ಮಂಚದ ಪಕ್ಕ ಬಂದು ನಿಂತ.

"ಅಣ್ಣ, ಕೂಗಬಾರದು ಅಂತ ನನಗೆ ಹೇಳಿಕೊಟ್ಟವನೇ ನೀನು. ಯಾಕೆ ಅಂತ ಹೇಳಿದ್ದೆ, ಜ್ಞಾಪಕ ಇದೆಯಾ? ಇನ್ನೊಬ್ಬ ಉಳೀಲಿ ಅಂತ. ಮೂರು ದಿನ ನೀನು ಸುಮ್ಮನಿದ್ದು ಯಾರನ್ನು ಉಳಿಸಿದೆ? ಅತ್ತಿಗೆ ಅಂಗಿ ಹಿಡ್ಕೊಂಡು ನಡುಗ್ತಾ ಇದ್ದದ್ದು ನಾನು ನೋಡಿದೀನಿ." ಹೊದಿಕೆ ಸರಿಪಡಿಸುತ್ತಾ ಮತ್ತೆ ಹೇಳಿದ, "ನಾನು ಮೂವತ್ತು ಸಲ ಹಾಳೆ ಕೈಬಿಟ್ಟರೂ ಇಷ್ಟು ಭಯ ಬೀಳ್ತಿರಲಿಲ್ಲ ಅವರು."

ಗಾಜಿನಣ್ಣ "ಹೂಂ" ಎನ್ನಲಿಲ್ಲ. "ಬೆನ್ನಿಗೆ ಆ ದಿಂಬು ಕೊಡು," ಎಂದರು. "ನೋಯ್ತಾ ಇದೆ."

ಬದಲಾಗುವುದು ಅಷ್ಟು ಸಲೀಸಾಗಿರಲಿಲ್ಲ. ಮನೆಗೆ ಬಂದ ಮೇಲೆ ಮಗಳು ಒಂದು ನೇಮ ಮಾಡಿದಳು. ದಿನಾ ಸಂಜೆ ಅಪ್ಪ ತನ್ನ ಮೈಯ ಬಗ್ಗೆ ಐದು ಮಾತು ಹೇಳಬೇಕು, 'ಏನಿಲ್ಲ' ಎನ್ನುವ ಹಾಗಿಲ್ಲ.

"ಎಡಗಾಲು ಜೋಮು ಹಿಡಿದಿತ್ತು."

"ಒಂದು."

"ಮಧ್ಯಾಹ್ನ ಹಸಿವಾಗಲಿಲ್ಲ."

"ಎರಡು. ಮುಂದೆ?"

"ಅಷ್ಟೇ ಕಣೇ."

"ಅಪ್ಪಾ, ತಲೆಯಿಂದ ಕಾಲಿನವರೆಗೆ ಇಷ್ಟುದ್ದ ಇದ್ದೀರಿ. ಎರಡೇನಾ ಸಿಕ್ಕಿದ್ದು?"

ಕೆಲವು ದಿನ ಸಿಟ್ಟು ಮಾಡಿಕೊಂಡರು. ಇದೊಳ್ಳೆ ಪೊಲೀಸ್ ಠಾಣೆ ಆಯ್ತಲ್ಲ ಎಂದರು. ತನ್ನ ನೋವನ್ನು ಬಾಯಲ್ಲಿ ಹೇಳುವಾಗ ಅವರಿಗೆ ನಾಚಿಕೆಯಾಗುತ್ತಿತ್ತು, ಮುಖ ಕೆಂಪಾಗುತ್ತಿತ್ತು. ನೋವಿಗೆ ಹೆಸರುಗಳೇ ಗೊತ್ತಿರಲಿಲ್ಲ; ಚುಚ್ಚುವುದು, ಹಿಂಡುವುದು, ಉರಿಯುವುದು, ಮಿಡಿಯುವುದು ಎಂದು ಹೆಂಡತಿ ಒಂದೊಂದಾಗಿ ಕೇಳಿ ಆರಿಸಿಕೊಳ್ಳಲು ಕಲಿಸಬೇಕಾಯಿತು. ಕಲೆಗಳನ್ನು ಬೇರೆ ಮಾಡಿದ ಹಾಗೆಯೇ ಇದು ಎಂದು ಆಕೆ ಹೇಳುತ್ತಾಳೆ.

ನಾಲ್ಕನೆಯ ತಿಂಗಳ ಸ್ಕ್ಯಾನಿನಲ್ಲಿ ಹೆಪ್ಪು ಕರಗಿತ್ತು. ಒಂದು ಸಣ್ಣ ಎಳೆ ಮಾತ್ರ ಗೋಡೆಗೆ ಅಂಟಿಕೊಂಡಿದೆ, ಅದು ಇದ್ದರೂ ತೊಂದರೆಯಿಲ್ಲ ಎಂದರು. ವೈರಸ್ಸಿನ ಮಾತ್ರೆ ಮುಂದುವರಿಯಿತು. ಆರು ತಿಂಗಳಿಗೊಮ್ಮೆ ಲಿವರಿನ ಸ್ಕ್ಯಾನ್, ಆಗಾಗ ಲಸಿಕೆ. ಗಾಜಿನಣ್ಣ ಮತ್ತೆ ಅಂಗಡಿಗೆ ಹೋದರು. ಹಾಳೆ ಹೊರುವಂತಿರಲಿಲ್ಲ. ಅದಕ್ಕೆ ಕುಳ್ಳ ಇನ್ನೊಬ್ಬ ಕೆಲಸಗಾರನನ್ನು ತಂದ. ಅವನೂ ಗಿಡ್ಡನೇ. "ಈಗ ಹಾಳೆ ಸರಿಸಮ ಇರುತ್ತೆ, ಇಷ್ಟು ವರ್ಷ ನೀನೇ ತೊಂದರೆ," ಎಂದು ಗಾಜಿನಣ್ಣನನ್ನು ಕಾಡುತ್ತಿದ್ದ. ಇವರು ಮೇಜಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು ಅಳೆದು ಕತ್ತರಿಸುತ್ತಿದ್ದರು. ಕೈಗೆ ಗವಸು. ಕೈ ಕೊಯ್ದರೆ ಈಗ ಎಲ್ಲರ ಹಾಗೆ ಹತ್ತು ನಿಮಿಷಕ್ಕೆ ರಕ್ತ ನಿಲ್ಲುತ್ತಿತ್ತು.

ಶಸ್ತ್ರಚಿಕಿತ್ಸೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಶಾಲೆಯ ಮೇಷ್ಟ್ರೊಬ್ಬರು ಪುಸ್ತಕದ ಬೀರುವಿನ ಬಾಗಿಲಿಗೆ ಗಾಜು ಬೇಕೆಂದು ಬಂದಿದ್ದರು. ಕುಳ್ಳ ಮತ್ತು ಹೊಸಬ ಬೇರೆ ಕಡೆ ಕಿಟಕಿ ಕೂರಿಸಲು ಹೋಗಿದ್ದರು. ಗಾಜಿನಣ್ಣ ಅಳತೆಯಿಟ್ಟು, ಕಟರಿನಿಂದ ಒಂದೇ ಎಳೆತದಲ್ಲಿ ಗೀರು ಹಾಕಿದರು. ಗೀರು ಹಾಕಿದ ಗಾಜನ್ನು ಕೂಡಲೇ ಮುರಿಯಬೇಕು, ಬಿಟ್ಟರೆ ಗೀರು ಸತ್ತುಹೋಗುತ್ತದೆ, ಆಮೇಲೆ ಒಡೆದರೆ ಸೊಟ್ಟ ಹೋಗುತ್ತದೆ ಎಂಬುದು ಕಸಬಿನವರ ನಂಬಿಕೆ. ಅದೇ ಗಳಿಗೆಯಲ್ಲಿ ಅವರಿಗೆ ಬೆನ್ನುಹುರಿಯಿಂದ ಚಳಿ ಎದ್ದಿತು. ಹಲ್ಲು ಕಟಕಟ ಎಂದವು.

ಅವರು ಕಟರನ್ನು ಕೆಳಗಿಟ್ಟರು. "ಮೇಷ್ಟ್ರೇ," ಎಂದರು, "ನನಗೆ ಚಳಿ ಬರ್ತಿದೆ. ಜ್ವರ ಬರುತ್ತೆ ಈಗ. ನನಗೆ ಗುಲ್ಮ ಇಲ್ಲ. ನಾನು ಆಸ್ಪತ್ರೆಗೆ ಹೋಗಬೇಕು."

"ಏನಿಲ್ಲ ನಿಮಗೆ?" ಮೇಷ್ಟ್ರು ಗಾಬರಿಯಾದರು.

"ಗುಲ್ಮ. ಹೊಟ್ಟೆ ಒಳಗಿರುತ್ತಲ್ಲ, ನಿಮಗೂ ಇದೆ. ನಂದು ತೆಗೆದಿದ್ದಾರೆ. ಬಾಗಿಲು ಹಾಕೋಕೆ ಸ್ವಲ್ಪ ಕೈ ಕೊಡ್ತೀರಾ? ನನ್ನ ಕೈ ನಡುಗ್ತಿದೆ."

ಗೀರು ಹಾಕಿದ ಗಾಜು ಮೇಜಿನ ಮೇಲೆಯೇ ಉಳಿಯಿತು. ಮೇಷ್ಟ್ರು ಬಸ್ಸಿನವರೆಗೆ ಬಂದು ಹತ್ತಿಸಿದರು; ಗಾಜಿನಣ್ಣ ಹತ್ತುತ್ತಲೇ ಚಾಲಕನಿಗೂ ಹೇಳಿದರು, ಪಕ್ಕದಲ್ಲಿ ಕೂತ ಮುದುಕಿಗೂ ಹೇಳಿದರು. ಮುದುಕಿ ತನ್ನ ಶಾಲು ತೆಗೆದು ಹೊದಿಸಿದಳು. ಆಸ್ಪತ್ರೆಯ ಬಾಗಿಲಲ್ಲಿ ಸರತಿಯಲ್ಲಿ ನಿಲ್ಲದೆ ನೇರ ಮುಂದೆ ಹೋಗಿ, ಎಲ್ಲರಿಗೂ ಕೇಳುವಂತೆ, "ಗುಲ್ಮ ತೆಗೆದಿರೋ ಪೇಷೆಂಟು ನಾನು, ಚಳಿಜ್ವರ ಬಂದಿದೆ, ಹನ್ನೊಂದು ಗಂಟೆಗೆ ಶುರುವಾಯ್ತು, ಎದೆ ಬಲಗಡೆ ಚುಚ್ಚುತ್ತಿದೆ," ಎಂದರು.

ನರ್ಸ್ ತಲೆಯೆತ್ತಿ, "ಜೊತೆಗೆ ಯಾರು ಬಂದಿದ್ದಾರೆ?" ಎಂದಳು.

"ಯಾರೂ ಇಲ್ಲ. ನಾನೇ ಬಂದೆ."

ಹನ್ನೆರಡೂ ಕಾಲಿಗೆ ರಕ್ತನಾಳಕ್ಕೆ ಔಷಧಿ ಇಳಿಯತೊಡಗಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಸೋಂಕು ಕಂಡಿತು. ಡಾಕ್ಟರಮ್ಮ ಮಧ್ಯಾಹ್ನ ಬಂದು ನೋಡಿದರು. ಸಂಜೆಯವರೆಗೆ ಕಾದಿದ್ದರೆ ಈ ಮಂಚದಲ್ಲಿ ಇರುತ್ತಿರಲಿಲ್ಲ, ಮೇಲಿನ ಮಹಡಿಯ ತೀವ್ರ ನಿಗಾ ಕೋಣೆಯಲ್ಲಿರುತ್ತಿದ್ದಿರಿ ಎಂದರು. "ಅಥವಾ ಅದೂ ಇಲ್ಲ," ಎಂದು ಸೇರಿಸಿದರು. ಹೋಗುವಾಗ ಅವರ ಹೆಗಲ ಮೇಲೆ ಒಮ್ಮೆ ಕೈಯಿಟ್ಟರು.

ಹೆಂಡತಿ ಬಂದದ್ದು ಮೂರು ಗಂಟೆಗೆ. ಅಂಗಡಿಗೆ ಮರಳಿದ ಕುಳ್ಳನಿಗೆ ಬಾಗಿಲೆದುರು ಕಾದಿದ್ದ ಮೇಷ್ಟ್ರು ವಿಷಯ ಹೇಳಿ, ಕುಳ್ಳ ಲಾಂಡ್ರಿಗೆ ಓಡಿ ಹೇಳಿದ ಮೇಲೆ. ಕೆಲಸದ ಮೇಲಂಗಿಯನ್ನೂ ಬಿಚ್ಚದೆ ಬಂದಿದ್ದಳು. ಗಂಡನ ಮುಖ, ಬಾಟಲಿ, ಕೈಗೆ ಚುಚ್ಚಿದ ಸೂಜಿ, ಹೊದಿಕೆ ಎಲ್ಲವನ್ನೂ ಒಂದು ಸಲ ನೋಡಿದಳು. ಆಮೇಲೆ ಸಿಟ್ಟು ಬಂತು.

"ಮೇಷ್ಟ್ರಿಗೆ ಹೇಳಿದ್ದೀರಿ. ಬಸ್ಸಿನವನಿಗೆ ಹೇಳಿದ್ದೀರಿ. ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀರಿ. ನನಗೊಂದು ಫೋನ್?"

ಗಾಜಿನಣ್ಣ ಯೋಚಿಸಿದರು. "ಮರೆತೇಹೋಯ್ತು ಕಣೇ," ಎಂದರು. ಅದು ನಿಜವಾಗಿತ್ತು.

ಆಕೆ ಗೋಡೆಯ ಪಕ್ಕದ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದು ಕೂತಳು. ಕೈಯಿಂದ ಮೂಗು ಒರೆಸಿಕೊಂಡಳು.

"ಸರಿ, ನನಗೂ ಹೇಳಿ ಈಗ," ಎಂದಳು. "ಮೊದಲಿನಿಂದ ಹೇಳಿ. ಬೆಳಿಗ್ಗೆ ಎದ್ದಾಗ ಹೇಗಿತ್ತು?"

"ಎದ್ದಾಗ ಚೆನ್ನಾಗೇ ಇತ್ತು," ಎಂದು ಗಾಜಿನಣ್ಣ ಶುರುಮಾಡಿದರು. "ಹಲ್ಲುಜ್ಜುವಾಗ ಒಂದೆರಡು ಸಲ ಕೆಮ್ಮು ಬಂತು. ಒಣಕೆಮ್ಮು. ಆಮೇಲೆ ಮೆಟ್ಟಿಲು ಇಳಿಯುವಾಗ..."